ಅತ್ತಿಗೆ ಹಾಸಿದ ಇಂಗ್ಲಿಷ್

ನಮ್ಮ ಮನೆಯಲ್ಲಿ ಆಗಾಗ ಯಾರಿಗಾದರೂ ಇಂಗ್ಲಿಷ್ ಕಲಿಯುವ ಹುಕಿ ಬರುತ್ತದೆ. ನಾನು ಇಂಗ್ಲಿಷ್ ಎಂ.ಎ. ಆದ್ದರಿಂದ ಮೊದಲು ನನ್ನನ್ನು ಕೇಳುತ್ತಾರೆ, ಆಮೇಲೆ ತಮಗೆ ತೋಚಿದ್ದನ್ನು ಮಾಡುತ್ತಾರೆ. ಈ ಸಲ ತಮಿಳುನಾಡಿನ ಎಡಪ್ಪಾಡಿಯಲ್ಲಿ ಸೀರೆ ನೇಯುವ ಅತ್ತಿಗೆಯ ಸರದಿ. ಮಗ್ಗ ತುಳಿದು ತುಳಿದು ಮೊಣಕಾಲು ಹೋಗಿತ್ತು. ಸೇಲಂನ ಸೀರೆ ಅಂಗಡಿಯೊಂದರಲ್ಲಿ ಕೂತು ಮಾಡುವ ಕೆಲಸವಿತ್ತು. ಹೊರದೇಶದ ಆರ್ಡರ್ ನೋಡಿಕೊಳ್ಳಬೇಕು, ಸ್ವಲ್ಪ ಇಂಗ್ಲಿಷ್ ಬೇಕು. ಅದು ಸಿಗದಿದ್ದರೆ ಮತ್ತೆ ಮಗ್ಗವೇ ಗತಿ.

೧

ಪೇಪರ್ ಓದಿ ಎಂದೆ. ಅತ್ತಿಗೆ ಡಿಕ್ಷನರಿ ತೆಗೆದು, ಸಿ-ಓ-ಎನ್‌ನಿಂದ ಶುರುವಾಗುವ ಪದಗಳನ್ನು ಮಾತ್ರ ಆರಿಸಿಕೊಂಡರು. ಇವೇ ಯಾಕೆ ಎಂದರೆ, "ಇದ್ರಲ್ಲೇ ಜನ ಜಾಸ್ತಿ ಅವ್ರೆ ತಂಬಿ. ಒಂದೇ ಬಣ್ಣದ ನೂಲು ಒಟ್ಗೆ ಹಾಸಿದ್ರೆ ಸಿಕ್ಕಾಗಲ್ಲ."

ಕಲಿತದ್ದೂ ಮಗ್ಗದಲ್ಲೇ. ಲಾಳಿ ಆ ಕಡೆ ಹೋಗುವಾಗ ಪದ, ಈ ಕಡೆ ಬರುವಾಗ ಅರ್ಥ. ಕನ್ಸೀಲ್, ಬಚ್ಚಿಡು. ಕಂಡೆಮ್, ಉಗಿ. ಕನ್ಫೆಸ್, ತಪ್ಪು ಒಪ್ಕೊ. ಪಕ್ಕದ ಮಗ್ಗದಲ್ಲಿ ದಿನವಿಡೀ ಇದನ್ನು ಕೇಳುತ್ತಿದ್ದ ಅಣ್ಣ, ಬೀಡಿ ಇನ್ನೂ ಬಿಟ್ಟಿಲ್ಲ ಎಂದು ಒಂದು ಸಂಜೆ ತಾನಾಗಿಯೇ ಒಪ್ಪಿಕೊಂಡ.

೨

ಪರೀಕ್ಷೆ ಮಾಡೋಣವೆಂದು ನಡುವಿನ ಒಂದು ಪದ ಕೇಳಿದೆ. ಅತ್ತಿಗೆ ಕಣ್ಣು ಮುಚ್ಚಿದರು. ಮುಗಿಯಿತು ಕಥೆ ಎಂದುಕೊಂಡೆ. ನೋಡಿದರೆ ಪಾದಗಳು ನೆಲದ ಮೇಲೆ ತುಳಿಯಲು ಶುರು ಮಾಡಿವೆ. ಮೊದಲ ಪದದಿಂದ ಹೊರಟು, ಒಂದನ್ನೂ ಬಿಡದೆ, ನಾನು ಕೇಳಿದ್ದಕ್ಕೆ ಬಂದರು. ಅಲ್ಲಿ ನಿಲ್ಲಲೂ ಇಲ್ಲ. ಹಾಸಿದ ನೂಲು ಮುಗಿಯದೆ ಮಗ್ಗದಿಂದ ಇಳಿದು ಅಭ್ಯಾಸವಿಲ್ಲವಂತೆ. ನಡುವೆ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿಂದ.

ಅಂಗಡಿಯವರು ಅಷ್ಟು ಹೊತ್ತು ಕಾಯುತ್ತಾರಾ ಎಂದೆ.

"ಸೀರೆ ಬೇಕು ಅನ್ನೋರು ಕಾಯ್ತಾರೆ. ಇವ್ರಿಗೇನು ರೋಗ?"

೩

ಅತ್ತಿಗೆಯ ಜೊತೆ ನಾನೂ ಸೇಲಂಗೆ ಹೋದೆ. ಅಂಗಡಿಯ ಯಜಮಾನರೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರೇ. ಗಿರಾಕಿಗಳ ಎದುರಿಗೇ ಅತ್ತಿಗೆಯನ್ನು ಕೂರಿಸಿ, ಕನ್ಸೈನ್‌ಮೆಂಟ್ ಎಂದರೇನು ಎಂದು ಕೇಳಿದರು. ಅದೂ ಆ ಗುಂಪಿನದೇ ಎಂದು ನನಗೆ ಜೀವ ಬಂತು. ಪಟ್ಟಿಯಲ್ಲಿ ಅದು ಎಷ್ಟು ದೂರದಲ್ಲಿದೆ ಎಂದು ನೆನೆದು, ಬಂದ ಜೀವ ಹೋಯಿತು.

ಅತ್ತಿಗೆ ಕನ್ಸೀಲ್‌ನಿಂದ ಹೊರಟರು. ಅರ್ಧ ದಾರಿಯಲ್ಲಿ ಯಜಮಾನರ ಫೋನ್ ಬಡಿದುಕೊಂಡಿತು. ಮತ್ತೆ ಮೊದಲಿಂದ. ಈ ಸಲ ಯಾರೋ ಸೀರೆಯ ಬೆಲೆ ಕೇಳಿದರು. ಮತ್ತೆ ಮೊದಲಿಂದ. ಆಗ ಯಜಮಾನರು ಫೋನ್ ಆಫ್ ಮಾಡಿ, ಕಿರುಗುಡುತ್ತಿದ್ದ ಫ್ಯಾನನ್ನೂ ನಿಲ್ಲಿಸಿ, ಅಂಗಡಿಗೆಲ್ಲ ಕಾಣುವಂತೆ ಬಾಯಿ ಮೇಲೆ ಬೆರಳಿಟ್ಟರು. ಸೀರೆ ಮಡಿಸುವವರ ಕೈ ನಿಂತಿತು. ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದ ಹೆಂಗಸರು ಕೂತರು. ದೇವಸ್ಥಾನದಲ್ಲೂ ನಾನು ಅಂಥ ಮೌನ ಕಂಡಿಲ್ಲ. ಯಾವುದಕ್ಕೂ ಬೆರಗಾಗದ ನಾನು ಕೂಡ ಉಸಿರು ಬಿಗಿಹಿಡಿದಿದ್ದೆ.

"ಕನ್ಸೈನ್‌ಮೆಂಟು, ಕಳ್ಸಿದ ಸರಕು. ಕನ್ಸೋಲು, ಸಮಾಧಾನ ಮಾಡು..."

ಯಜಮಾನರು ನನ್ನ ಕಿವಿಗೆ ಬಗ್ಗಿದರು. ಇಂಗ್ಲಿಷ್ ಹಾಗಿರಲಿ, ಇಷ್ಟು ಹೊತ್ತು ಒಬ್ಬ ಗಿರಾಕಿಯೂ ಎದ್ದು ಹೋಗಿಲ್ಲ, ಸೋಮವಾರದಿಂದ ಬರಲಿ ಎಂದರು. ನೀವೇ ಹೇಳಿಬಿಡಿ ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು.

"ಈಗ ಬ್ಯಾಡ ಸಾರ್. ಮೊದ್ಲಿಂದ ಶುರು ಮಾಡ್ಬುಟ್ರೆ?"