ಕೊನೇ ಮಾತು ನನ್ನದೇ

ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ಮುಂದೆ ಕೂತ ಸತ್ಯಪ್ರಕಾಶನ ಕಣ್ಣಿಗೆ ಆ ಒಂದು ಸಾಲು ಬಿತ್ತು. ಅವನ ನಾಟಕದ ಕೊನೆಯಲ್ಲಿ ಗಂಡ ಹೆಂಡತಿಯ ಕ್ಷಮೆ ಕೇಳಿಬಿಟ್ಟಿದ್ದ.

ಅವನು ಬರೆದದ್ದು ಹಾಗಲ್ಲ. ಗಂಡನಾದವನು ಎದೆಯುಬ್ಬಿಸಿ ನಿಂತು "ಕ್ಷಮೆ ಕೇಳೋ ಗಂಡಸು ನಾನಲ್ಲ!" ಎಂದು ಗುಡುಗಬೇಕು, ಪರದೆ ಬೀಳಬೇಕು. ಈಗ ನೋಡಿದರೆ ಅಲ್ಲಿ "ತಪ್ಪಾಯ್ತು ಕಣೇ. ನಿಂಗೆ ಇಷ್ಟು ನೋವಾಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ" ಎಂದಿದೆ!

"ಯಾರೋ ನನ್ನ ಗಂಡನ್ನ ಕೆಡಿಸಿದಾರೆ!" ಎಂದು ಸತ್ಯಪ್ರಕಾಶ ಮಹಡಿಯಿಂದ ಕೂಗಿದ.

ಕೆಳಗೆ ಅಡುಗೆಮನೆಯಲ್ಲಿದ್ದ ಹೆಂಡತಿ ರಾಜಲಕ್ಷ್ಮಿ, "ಯಾರ ಗಂಡನ್ನ ರೀ?" ಎಂದು ಕೇಳಿದಳು.

ಅಂದು ಸಂಜೆ ಆಸ್ಟಿನ್‌ನಲ್ಲಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಸೇರಿ ಆಚರಿಸುವ ಯುಗಾದಿ. ಅದರಲ್ಲಿ ಸತ್ಯಪ್ರಕಾಶ ಬರೆದು, ತಾನೇ ಗಂಡನ ಪಾತ್ರ ಮಾಡುತ್ತಿದ್ದ 'ತಪ್ಪು ನನ್ನದಲ್ಲ' ನಾಟಕ. ಈ ಸಂಘದಲ್ಲಿ ಮಾತು ಬಾಯಿಪಾಠ ಮಾಡುವ ಪದ್ಧತಿ ಯಾವತ್ತೂ ಇರಲಿಲ್ಲ. ಪರದೆಯ ಹಿಂದೆ ನಿಂತು ಆಸ್ಟಿನ್ನಿನ ವಿಜಯಮ್ಮ ಹೇಳಿಕೊಟ್ಟದ್ದನ್ನು ನಟರು ಜೋರಾಗಿ ಒಪ್ಪಿಸುತ್ತಿದ್ದರು. ವಿಜಯಮ್ಮ ಯಾವ ಕಾಗದ ಹಿಡಿದಿದ್ದರೋ ಅದೇ ನಾಟಕ. ಆದ್ದರಿಂದ ಕಡತದಲ್ಲಿ ಗಂಡ ಕ್ಷಮೆ ಕೇಳಿದರೆ ರಂಗದ ಮೇಲೂ ಕೇಳಿಯೇ ತೀರುತ್ತಾನೆ. ಹಿಂದಿನ ವರ್ಷಗಳಲ್ಲಿ ಅವನ ನಾಟಕಗಳಿಗೆ ಸಂಘದವರು ಕೈಕಾಲು ಜೋಡಿಸಿ, ಮೂಗು ಕೊಯ್ದು, ಗುರುತೇ ಸಿಗದಂತೆ ಮಾಡಿದ್ದರು. ಈ ಸಲ ಒಂದಕ್ಷರವೂ ಬದಲಾಗಕೂಡದು ಎಂದು ಅವನು ಹಠ ತೊಟ್ಟಿದ್ದ.

ಈ ಹಠಕ್ಕಾಗಿಯೇ ಅವನು ಕಡತ ಹಂಚಿಕೊಳ್ಳುವ ಸೇವೆ ಹುಡುಕಲು ಹೊರಟದ್ದು. ಹೋದ ವರ್ಷ ಸಂಘದ ಅಧ್ಯಕ್ಷ ಭೀಮಸೇನರ ಮಾತಿನಂತೆ ನಾಟಕವನ್ನು ಇ-ಮೇಲ್‌ನಲ್ಲಿ ಓಡಾಡಿಸಿದ್ದರು. 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಎಂದು ಊರಿಗೊಂದು ನಾಟಕ ಹುಟ್ಟಿ, ಒಂದು ದೃಶ್ಯದಲ್ಲಿ ಸತ್ತ ಅತ್ತೆ ಮುಂದಿನ ದೃಶ್ಯದಲ್ಲಿ ಎಲ್ಲರಿಗೂ ಉಪ್ಪಿಟ್ಟು ಬಡಿಸಿದ್ದಳು. ಅದಕ್ಕೂ ಹಿಂದಿನ ವರ್ಷ ವಿಜಯಮ್ಮನ ಪೆನ್ ಡ್ರೈವ್ ಯಾರದೋ ಪ್ಯಾಂಟಿನ ಜೇಬಿನಲ್ಲಿ ಕೂತು ವಾಷಿಂಗ್ ಮಷೀನಿಗೆ ಹೋಗಿತ್ತು. ಸತ್ಯಪ್ರಕಾಶ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವನು. "ನಾನು ಆರಿಸ್ತೀನಿ ಬಿಡಿ" ಎಂದು ಎದೆ ತಟ್ಟಿಕೊಂಡು, ಸಿಕ್ಕ ಸೇವೆಗಳನ್ನೆಲ್ಲ ಮನೆಯ ಕಂಪ್ಯೂಟರಿನ ಮೇಲೆ ಒಂದೊಂದಾಗಿ ಪ್ರಯೋಗಿಸಿದ.

ಅಲ್ಲೇ ಎಡವಟ್ಟಾಯಿತು. ಆ ಸೇವೆಗಳಲ್ಲೊಂದಕ್ಕೆ ಎರಡು ಕಡೆಯ ಕಡತಗಳನ್ನು ಒಂದೇ ಸಮ ಮಾಡು ಎಂದು ಇವನು ಆಜ್ಞೆ ಮಾಡಿದ. ಒಂದು ಕಡೆ ಖಾಲಿ ಇತ್ತು. ಅದು ವಿಧೇಯವಾಗಿ ಇನ್ನೊಂದು ಕಡೆಯನ್ನೂ ಖಾಲಿ ಮಾಡಿತು. ಆ ಇನ್ನೊಂದು ಕಡೆ ರಾಜಲಕ್ಷ್ಮಿಯ ತೀರಿಹೋದ ತಾಯಿ ಹಾಡಿದ್ದ ಆರತಿ ಹಾಡುಗಳಿದ್ದವು.

"ಟೆಕ್ನಿಕಲ್ ಆಗಿ ನೋಡಿದ್ರೆ ತಪ್ಪು ನನ್ನದಲ್ಲ. ಕನ್ಫರ್ಮ್ ಮಾಡಿ ಅಂತ ಅದು ಸರಿಯಾಗಿ ಕೇಳ್ಬೇಕಿತ್ತು" ಎಂದು ಸತ್ಯಪ್ರಕಾಶ ಹೆಂಡತಿಗೆ ವಿವರಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ರಾಜಲಕ್ಷ್ಮಿ ಬಹಳ ದಿನ "ಊಟಕ್ಕೆ ಬನ್ನಿ" ಎಂಬುದರ ಹೊರತು ಬೇರೆ ಮಾತಾಡಲಿಲ್ಲ. ಆ ಮೌನದಲ್ಲಿ ಪುರುಸೊತ್ತಾಗಿ ಕೂತು ಇವನು ನಾಟಕ ಬರೆದ. ಹೆಂಡತಿಯ ತವರಿನ ಸೀರೆ ತುಂಬಿದ ಟ್ರಂಕನ್ನು ಗಂಡ ಮನೆಮುಂದೆ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ ಮಾರಿಬಿಡುತ್ತಾನೆ. ಟೆಕ್ಸಾಸಿನ ಕನ್ನಡಿಗರೆಲ್ಲ ಮನೆಗೆ ಬಂದು ಕ್ಷಮೆ ಕೇಳು ಅಂದರೂ ಬಗ್ಗುವುದಿಲ್ಲ. ಹಾಡನ್ನು ಸೀರೆ ಮಾಡಿದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನ ನಂಬಿಕೆ.

ಕೊನೆಗೆ ಆರಿಸಿದ ಸೇವೆ ಮಾತ್ರ ಚೆನ್ನಾಗಿತ್ತು. ಫೋಲ್ಡರಿನಲ್ಲಿ ಏನಿಟ್ಟರೂ ಡಲ್ಲಾಸ್ ಪಕ್ಕದ ಫ್ಲವರ್ ಮೌಂಡಿನ ಅವನ ಮನೆಯಲ್ಲೂ, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಭೀಮಸೇನರ ಮನೆಯಲ್ಲೂ, ಆಸ್ಟಿನ್ನಿನ ವಿಜಯಮ್ಮನ ಮನೆಯಲ್ಲೂ ಒಟ್ಟಿಗೆ ಕಾಣಿಸುತ್ತಿತ್ತು. "ಅದರಲ್ಲಿಟ್ಟದ್ದು ಮನೆ ಸುಟ್ಟುಹೋದ್ರೂ ಹೋಗಲ್ಲ" ಎಂದು ಅವನು ಊರಿಗೆಲ್ಲ ಸಾರಿದ್ದ. ಒಬ್ಬರು ಬದಲಾಯಿಸಿದರೆ ಎಲ್ಲರ ಬಳಿಯೂ ಬದಲಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬದಲಾಯಿಸುವ ಧೈರ್ಯ ಯಾರಿಗಿದೆ ಎಂದುಕೊಂಡಿದ್ದ.

ಸಾಲನ್ನು ಮೊದಲಿನಂತೆ ತಿದ್ದಿ ಅವನು ಭೀಮಸೇನರಿಗೆ ಫೋನು ಮಾಡಿದ.

"ಅಂಕಲ್, ನನ್ನ ನಾಟಕದ ಎಂಡಿಂಗ್ ಮುಟ್ಟಿದೀರಾ?"

"ಇಲ್ಲೋ ತಮ್ಮಾ! ನಮ್ಮ ಮೊಮ್ಮಗಳು ದಿಯಾಂದು ಒಂದು ಚಿಟ್ಟಿ ಡ್ಯಾನ್ಸ್ ಹಾಕೂಣು ಅಂತ ಮನಸಿನ್ಯಾಗ ಇತ್ತು, ಖರೇ. ಆದ್ರ ನಾ ಏನೂ ಮುಟ್ಟಿಲ್ಲ. ಹಂಗ ನೋಡಿದ್ರ, ಆ ಗಂಡ ಒಂದು ಮಾತು ತಪ್ಪಾತು ಅಂದ್ರ ಚಂದ ಆಗ್ತದ ನೋಡು."

ಇಷ್ಟು ಸಾಕಾಯಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಸತ್ಯಪ್ರಕಾಶ ಅಧ್ಯಕ್ಷರನ್ನೇ ಫೋಲ್ಡರಿನಿಂದ ಕಿತ್ತುಹಾಕಿದ. ಗೆದ್ದ ಖುಷಿಯಲ್ಲಿ ಸ್ನಾನ ಮುಗಿಸಿ ಬಂದು ನೋಡಿದರೆ ಗಂಡ ಮತ್ತೆ ತಪ್ಪಾಯ್ತು ಕಣೇ ಎನ್ನುತ್ತಿದ್ದ.

ಈ ಸಲ ಆಸ್ಟಿನ್ನಿಗೆ ಫೋನು ಹೋಯಿತು. "ವಿಜಯಮ್ಮನೋರೇ, ಪ್ರಾಂಪ್ಟ್ ಮಾಡೋರು ಪ್ರಾಂಪ್ಟ್ ಮಾಡ್ಬೇಕು, ನಾಟಕ ಬರೀಬಾರ್ದು."

"ಏನ್ರೀ ಹಾಗಂದ್ರೆ? ನಾನಿಲ್ಲಿ ನೂರೈವತ್ತು ಜನರ ಊಟ ನೋಡ್ಕೊಳ್ಳೋದೋ, ನಿಮ್ಮ ನಾಟಕ ತಿದ್ದೋದೋ? ತಿದ್ದೋ ಹಾಗಿದ್ರೆ ಮೊದಲನೇ ಸಾಲಿಂದ ತಿದ್ದುತಿದ್ದೆ!"

ಸತ್ಯಪ್ರಕಾಶನಿಗೆ ಅವಮಾನವಾಯಿತು. ವಿಜಯಮ್ಮನನ್ನೂ ಕಿತ್ತುಹಾಕಿದ. ಈಗ ಆ ಫೋಲ್ಡರಿಗೆ ಅವನೇ ರಾಜ, ಅವನೇ ಪ್ರಜೆ. ಸಾಲು ತಿದ್ದಿ, ತೋಳು ಮಡಚಿ, ಪರದೆಯನ್ನೇ ದುರುಗುಟ್ಟಿ ನೋಡುತ್ತಾ ಕೂತ. ರಾಜಲಕ್ಷ್ಮಿ ಇನ್ನೊಂದು ಲೋಟ ಕಾಫಿ ತಂದಿಟ್ಟಳು.

"ಅಲ್ಲ ರೀ, ಆ ಗಂಡ ಒಂದ್ಸಲ ತಪ್ಪಾಯ್ತು ಅಂದ್ರೆ ಏನು ಗಂಟು ಹೋಗುತ್ತೆ?"

"ಗಂಟಿನ ಪ್ರಶ್ನೆ ಅಲ್ಲ ರಾಜಿ, ಪ್ರಿನ್ಸಿಪಲ್ ಪ್ರಶ್ನೆ. ಇಡೀ ಟೆಕ್ಸಾಸ್ ತಲೆಕೆಳಗಾದ್ರೂ ಅವನು ಕೇಳಲ್ಲ!"

"ಹಾಗೋ" ಎಂದು ಅವಳು ಕೆಳಗಿಳಿದು ಹೋದಳು. ಅವನ ಕಾಫಿ ಮುಗಿಯುವುದರೊಳಗೆ ಗಂಡ ಮತ್ತೆ ಕ್ಷಮೆ ಕೇಳಿದ್ದ.

ಫೋಲ್ಡರಿನಲ್ಲಿ ಈಗ ತಾನೊಬ್ಬನೇ, ಹಾಗಾದರೆ ತಿದ್ದಿದವರಾರು ಎಂದು ಸತ್ಯಪ್ರಕಾಶನಿಗೆ ದಿಗಿಲಾಯಿತು. ಆದರೆ ಹೆದರಿ ಕೂರುವವನಲ್ಲ ಅವನು. ಇದು ಹಳೆಯ ಕಡತಗಳ ಕಿತಾಪತಿ, ಕಸದೊಳಗಿಂದ ಏನೋ ತಲೆಯೆತ್ತುತ್ತಿದೆ ಎಂದು ತೀರ್ಮಾನಿಸಿದ. ಫೋಲ್ಡರಿನಲ್ಲಿ ಕಸಕ್ಕೇನು ಬರ! ಭಿತ್ತಿಪತ್ರ, ಊಟದ ಪಟ್ಟಿ, ಚಿಟ್ಟೆಯ ರೆಕ್ಕೆಯ ಚಿತ್ರ, ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂಬ ಯಾವುದೋ ಹಾಡುಗಳು. "ಮೊಮ್ಮಗಳ ಡ್ಯಾನ್ಸಿಗೆ ಹಾಡೂ ತಂದಿಟ್ಟಿದಾರೆ ಮುದುಕರು!" ಎಂದು ಹಲ್ಲು ಕಡಿದು, ತನ್ನ ನಾಟಕವೊಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿದ. ಅಳಿಸಿದ್ದು ಮತ್ತೆ ಬಾರದಂತೆ ಬೇರುಸಹಿತ ಕೀಳುವ ಗುಂಡಿಯನ್ನೂ ಒತ್ತಿದ. ಈ ಸಲ ಅದು ಖಚಿತವೇ ಎಂದು ಸರಿಯಾಗಿಯೇ ಕೇಳಿತು. ಖಚಿತ ಎಂದ.

ಆಮೇಲೆ ಸಾಲು ತಿದ್ದಿ ಕಾದ. ಗಂಡ ಬಾಯಿಬಿಡಲಿಲ್ಲ. ಕೆಳಗಿನಿಂದ "ಕಂಪ್ಯೂಟರ್ ಆಫ್ ಮಾಡಿ ಸೀರೆ ಉಟ್ಟಾಯ್ತು, ನೀವಿನ್ನೂ ಹೊರಡ್ಲಿಲ್ವಾ?" ಎಂದು ಕೂಗು ಬಂತು. ಸತ್ಯಪ್ರಕಾಶ ನಾಟಕವನ್ನು ಪ್ರಿಂಟ್ ಮಾಡಿ, ಕಾಗದವನ್ನು ಅಂಗಿಯ ಒಳಗಿಟ್ಟುಕೊಂಡು, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಕಾರು ಹತ್ತಿದ.

ದಾರಿಯಲ್ಲಿ ವೇಕೊ ಪಟ್ಟಣ ದಾಟುವಷ್ಟರಲ್ಲಿ ವಿಜಯಮ್ಮನ ಫೋನು. "ಫೋಲ್ಡರೇ ಮಾಯ ಆಗಿದೆಯಲ್ರೀ! ಊಟದ ಪಟ್ಟೀನೂ ಇಲ್ಲ! ಹೋಳಿಗೆ ಯಾರು ತರ್ತಾರೆ, ಮೊಸರನ್ನ ಯಾರು ತರ್ತಾರೆ, ನಂಗೇನು ಕನಸು ಬೀಳುತ್ತಾ?"

"ನಾಟಕ ನನ್ನ ಹತ್ರ ಭದ್ರವಾಗಿದೆ" ಎಂದು ಸತ್ಯಪ್ರಕಾಶ ಫೋನು ಇಟ್ಟ. ಪಕ್ಕದಲ್ಲಿ ರಾಜಲಕ್ಷ್ಮಿ ಕಿಟಕಿಯಾಚೆ ರಸ್ತೆಯ ಅಂಚಿನ ನೀಲಿ ಹೂವುಗಳನ್ನು ನೋಡುತ್ತಾ, ಯಾವುದೋ ಹಾಡನ್ನು ಸಣ್ಣಗೆ ಗುನುಗುತ್ತಿದ್ದಳು. ಬಹಳ ದಿನದ ಮೇಲೆ ಅವಳು ಗುನುಗುವುದನ್ನು ಕೇಳಿ ಅವನಿಗೆ ಹಿತವೆನಿಸಿತು.

ಆಸ್ಟಿನ್‌ನಲ್ಲಿ ಮೂರು ಊರಿನವರೂ ಮೊಸರನ್ನವನ್ನೇ ತಂದಿದ್ದರು. ಜನ ಗೊಣಗುತ್ತ ಉಂಡು ಬಂದು ಕೂತರು. ಸತ್ಯಪ್ರಕಾಶ ಅಂಗಿಯೊಳಗಿಂದ ಕಾಗದ ತೆಗೆದು ವಿಜಯಮ್ಮನ ಕೈಗಿಟ್ಟು, ಪರದೆ ಏಳುವವರೆಗೂ ಅವರ ಪಕ್ಕದಲ್ಲೇ ಕಾವಲು ನಿಂತ. ನಾಟಕ ನಡೆಯಿತು. ಹೆಂಡತಿಯ ಪಾತ್ರದ ತುಂಗಾ ಅತ್ತಳು, ನೆರೆಹೊರೆಯವರು ಬುದ್ಧಿ ಹೇಳಿದರು. ಕೊನೆಗೆ ಸತ್ಯಪ್ರಕಾಶ ರಂಗದ ನಡುವೆ ನಿಂತು, ಸಭೆಯ ಹಿಂದಿನ ಗೋಡೆಗೆ ಬಡಿಯುವಂತೆ "ಕ್ಷಮೆ ಕೇಳೋ ಗಂಡಸು ನಾನಲ್ಲ!" ಎಂದು ಗುಡುಗಿದ. ಗಂಡಸರ ಚಪ್ಪಾಳೆ ಮುಗಿಯದಂತೆ ಕೇಳಿಸಿತು. ಅವನು ಬದುಕಿನಲ್ಲಿ ಅಷ್ಟು ಎತ್ತರಕ್ಕೆ ಬೆಳೆದದ್ದೇ ಇಲ್ಲ.

ಬಣ್ಣ ಒರೆಸಿಕೊಳ್ಳುವ ಕೋಣೆಗೆ ಭೀಮಸೇನರು ಮುಖ ಊದಿಸಿಕೊಂಡು ಬಂದರು. "ಅಲ್ಲೋ, ಆ ಫೋಲ್ಡರ್ ತೆಗಿಯೂದಽ ನಂಗ ಬರೂದಿಲ್ಲ. ನನ್ನ ಮ್ಯಾಲೆ ಕಳವು ಹೊರಸ್ತಿ?"

"ನೀವಲ್ಲ, ವಿಜಯಮ್ಮ ಅಲ್ಲ, ಹಾಗಾದ್ರೆ ಯಾರು ಅಂಕಲ್?"

"ನಾನು" ಎಂದಳು ಬಾಗಿಲಲ್ಲಿ ನಿಂತಿದ್ದ ರಾಜಲಕ್ಷ್ಮಿ. "ಅಡುಗೆಮನೆ ಕಂಪ್ಯೂಟರಲ್ಲೂ ನೀವೇ ಹಾಕಿಕೊಟ್ಟಿದ್ರಲ್ಲ ರೀ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

"ನಿಮ್ಮ ಬಾಯಿಂದ ಆ ಮಾತು ಬರಲ್ಲ ಅಂತ ನಂಗೊತ್ತು. ನಾಟಕದಲ್ಲಾದ್ರೂ, ಸುಳ್ಳಿಗಾದ್ರೂ ಒಂದ್ಸಲ ಕೇಳಿಸ್ಕೊಳ್ಳೋಣ ಅನ್ನಿಸ್ತು. ಅದಕ್ಕೂ ನೀವು ಬಿಡ್ಲಿಲ್ಲ." ಅವಳು ಬಾಗಿಲು ಬಿಟ್ಟು ಒಳಗೆ ಬಂದಳು. "ಅವು ನಮ್ಮಮ್ಮನ ಹಾಡು ರೀ. ಸೀರೆ ಅಲ್ಲ."

ಸತ್ಯಪ್ರಕಾಶನಿಗೆ ಮೊದಲ ಸಲ ಆ ಮಾತು ಹೇಳಬೇಕೆಂದು ನಿಜವಾಗಿಯೂ ಅನ್ನಿಸಿತು, ಆದರೆ ಆ ಮಾತಿನ ಅಭ್ಯಾಸವೇ ಅವನಿಗಿರಲಿಲ್ಲ. ಹಿಂದಿನಿಂದ ವಿಜಯಮ್ಮ ಮೆಲ್ಲಗೆ "ತಪ್ಪಾಯ್ತು ಕಣೇ" ಎಂದರು.

"ತಪ್ಪಾಯ್ತು ಕಣೇ" ಎಂದ ಸತ್ಯಪ್ರಕಾಶ.

"ನಿಂಗೆ ಇಷ್ಟು ನೋವಾಗುತ್ತೆ ಅಂತ..."

"ಗೊತ್ತಿತ್ತು ರಾಜಿ" ಎಂದು ಅವನು ತಾನಾಗಿಯೇ ಹೇಳಿದ. "ಗೊತ್ತಿದ್ದೂ ಹಠ ಮಾಡ್ದೆ. ತಪ್ಪು ನಂದೇ."

ರಾಜಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಪೂರಾ ನಕ್ಕಳು. "ಹೋಗ್ಲಿ ಬಿಡಿ. ನೀವಾಗಿ ಹೇಳಿದ ಮೇಲೇ ಹೇಳೋಣ ಅಂತಿದ್ದೆ. ನನ್ನ ತಂಗಿ ಶ್ರೀವಿದ್ಯಾಗೆ ಮೈಸೂರಲ್ಲಿ ಅಮ್ಮನ ಹಳೇ ಕ್ಯಾಸೆಟ್ಟು ಸಿಕ್ಕಿ, ಎಲ್ಲಾ ಹಾಡೂ ಮೇಲ್ ಮಾಡಿದ್ಳು. ಅದರಲ್ಲಿಟ್ಟದ್ದು ಮನೆ ಸುಟ್ಟುಹೋದ್ರೂ ಹೋಗಲ್ಲ ಅಂತೀರಲ್ಲ, ಅದಕ್ಕೇ ಇ-ಮೇಲಿಂದ ತೆಗೆದು ನಿನ್ನೇನೇ ನಿಮ್ಮ ನಾಟಕದ ಫೋಲ್ಡರಿಗೆ ಹಾಕಿಟ್ಟೆ."

ಸತ್ಯಪ್ರಕಾಶನ ಮುಖದಲ್ಲಿ ಉಳಿದಿದ್ದ ಬಣ್ಣದ ಅಡಿಯಲ್ಲಿದ್ದ ಬಣ್ಣವೂ ಇಳಿಯಿತು. "ಏನು ಹೆಸರು ಕೊಟ್ಟಿದ್ದೆ?" ಎಂದು ಕೇಳಿದ.

"ಹೆಸರೇನು ಕೊಡ್ಲಿ? ಅವಳು ಕಳಿಸಿದ ಹಾಗೇ. ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು."

"ಅಯ್ಯ, ಮತ್ತ ಲ್ಯಾಪ್‌ಟಾಪ್ ಇಲ್ಲೇ ಅದ ಅಲ್ಲೇನು!" ಭೀಮಸೇನರ ಸಿಟ್ಟೆಲ್ಲ ಇಳಿದಿತ್ತು. "ಹಚ್ಚಿಬಿಡೋ ತಮ್ಮಾ, ಎಲ್ಲಾರೂ ಕೂತು ಕೇಳೂಣು."

ತುಂಗಾ ದೀಪದ ಹತ್ತಿರ ಜಾಗ ಮಾಡಿಕೊಟ್ಟಳು. ರಾಜಲಕ್ಷ್ಮಿ ಮುಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ಸತ್ಯಪ್ರಕಾಶ ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ವಿಜಯಮ್ಮನ ಮುಖ ನೋಡಿದ. ಅವರು ಹಾಡು ಕೇಳಲು ಕುರ್ಚಿ ಎಳೆದುಕೊಳ್ಳುತ್ತಿದ್ದರು.