ಕಂಪ್ಯೂಟರಿಗೊಂದು ಕಿಟಕಿ

ಕಂಪ್ಯೂಟರು ಯಾಕೆ ಬಿಸಿಯಾಗಿ ತಾನಾಗೇ ಆರಿಹೋಗುತ್ತದೆ ಎಂಬುದು ಸಮನ್ವಿತಾಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅಮ್ಮನಿಗೆ ಹೇಳುವುದು ಹೇಗೆ ಎಂಬುದೇ ಗೊತ್ತಿರಲಿಲ್ಲ. ಬಿ.ಎಸ್ಸಿ. ಪಾಸಾಗಿದ್ದರೂ ಬಸ್ಸಿನಲ್ಲಿ 'ಇಳೀತೀನಿ' ಎನ್ನಲಾರದೆ, ಬನಶಂಕರಿಯಲ್ಲಿ ಇಳಿಯಬೇಕಾದವಳು ಎಷ್ಟೋ ಸಲ ಸುಬ್ರಹ್ಮಣ್ಯಪುರ ನೋಡಿಕೊಂಡು ಬಂದಿದ್ದಳು. ಅಮ್ಮನ ಮನಸ್ಸು ನೋಯಿಸುವುದಕ್ಕಿಂತ ಉಕ್ಕಿನ ತಗಡು ಕೊರೆಯುವುದೇ ಸುಲಭ ಎಂದು ಅಂಥವಳಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವಳ ಉಪಾಯ ಇಷ್ಟೇ: ಕಂಪ್ಯೂಟರಿನ ಡಬ್ಬದ ಪಕ್ಕಕ್ಕೊಂದು ತೂತು, ತೂತಿಗೊಂದು ಪುಟ್ಟ ಫ್ಯಾನು.

ಅಮ್ಮ ಕಮಲಾದೇವಿಯವರು ಫ್ರಿಜ್ಜಿಗೆ, ಮಿಕ್ಸಿಗೆ, ಟೀವಿಗೆ ಹೊಲಿದಂತೆ ಕಂಪ್ಯೂಟರಿಗೂ ನವಿಲಿನ ಕಸೂತಿಯ ಕವರು ಹೊಲಿದಿದ್ದರು. ಕೆಲಸ ಮಾಡುವಾಗಲೂ ಮುಂದಿನ ಅಂಚನ್ನಷ್ಟೇ ಎತ್ತಬೇಕು. ಮಿಕ್ಕಿದ್ದೆಲ್ಲ ಧೂಳಿಗೆ ಹೆದರಿ ಮುಸುಕು ಹೊದ್ದೇ ಇರಬೇಕು.

ಇತ್ತ ಬೀದಿಯ ಸಂಘದ ರಾಜ್ಯೋತ್ಸವ ಸಂಚಿಕೆಯನ್ನು ಟೈಪು ಮಾಡಿಕೊಡುವುದು ಸಮನ್ವಿತಾಗೆ ಸಿಕ್ಕ ಮೊದಲ ಕೆಲಸ. ನಾಳೆ ಬೆಳಿಗ್ಗೆ ಅದು ಪ್ರೆಸ್ಸಿಗೆ ಹೋಗಬೇಕು. "ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಮ್ಮ, ಮಡಿವಾಳದಲ್ಲಿ ಡಿಟಿಪಿಯವ್ರಿಗೆ ಕೊಡ್ತೀನಿ" ಎಂದು ಸಂಘದ ಕಾರ್ಯದರ್ಶಿ, ಎದುರುಮನೆಯ ಕಾತ್ಯಾಯಿನಿ ಆಂಟಿ ಎಚ್ಚರಿಸಿ ಹೋಗಿದ್ದರು.

"ಅಂಕಲ್, ಡ್ರಿಲ್ಲಿಂಗ್ ಮಷಿನ್ ಒಂದು..." ಮಾತು ಮುಗಿಯುವ ಮೊದಲೇ ಪಕ್ಕದ ಮನೆಯ ಸೇತುರಾಮ್ ಅಂಕಲ್, ರಿಟೈರಾದಂದಿನಿಂದ ಈ ಕರೆಗೇ ಕಾದು ಕೂತವರಂತೆ, ಮಷಿನ್ ಸಮೇತ ಇವರ ನಡುಮನೆಯಲ್ಲಿದ್ದರು.

"ಬಾಗಿಲಿಗೆ ಬೀಗ ಕೂರ್ಸೋಕೆ ದುಂಡಗೆ ಕೊರೆಯೋ ಗರಗಸ ಇದೆ ನನ್ಹತ್ರ. ಐದು ನಿಮಿಷದ ಕೆಲ್ಸ ಮರೀ!"

ಗರಗಸವೇನೋ ದುಂಡಗಿತ್ತು, ಆದರೆ ಫ್ಯಾನಿನ ಅರ್ಧದಷ್ಟೂ ಇರಲಿಲ್ಲ. ಮರಕ್ಕೆಂದೇ ಹುಟ್ಟಿದ ಅದರ ಹಲ್ಲುಗಳು, ಬಿಚ್ಚಿಟ್ಟಿದ್ದ ಪಕ್ಕದ ತಗಡಿಗೆ ತಾಗಿದ್ದೇ ತಡ, ಚಕ್ಕುಲಿ ಕಡಿದ ತಾತನ ಹಲ್ಲಿನಂತೆ ಉದುರಿದವು.

ಸದ್ದಿಗೆ ಮಹಡಿಯ ಬಾಡಿಗೆದಾರ, ಬೀದರಿನ ಚನ್ನವೀರ ಇಳಿದುಬಂದ. "ಅದು ಬ್ಯಾಡ್ರೀ ಅಂಕಲ್. ಹ್ಯಾಕ್ಸಾ ಬ್ಲೇಡ್ ತರ್ತೀನಿ ತಡೀರಿ."

"ತಗಡಿನ ನಡುಮಧ್ಯ ಬ್ಲೇಡ್ ಎಲ್ಲಿಂದ ತೂರಿಸ್ತೀಯಯ್ಯಾ?"

"ಹಂಗಂದ್ರ ತಗಡಿನ ಕತ್ತರಿ?"

"ಅದಕ್ಕೂ ಬಾಯಿ ಹಾಕೋಕೆ ಜಾಗ ಬೇಡ್ವೇ?"

"ಪಾತ್ರೆಗೆ ಹೆಸರು ಕೊರೆಯೋನ್ನ ಕರ್ಸಿ," ಎಂದರು ಅಷ್ಟರಲ್ಲಿ ಬಂದ ಕಾತ್ಯಾಯಿನಿ ಆಂಟಿ. "ಸ್ಟೀಲು ಅಂದ್ರೆ ಸ್ಟೀಲೇ ತಾನೇ? ಜೊತೆಗೆ ಹೆಸರೂ ಹಾಕ್ಕೊಡ್ತಾನೆ."

"ಅದಲ್ಲ ಆಂಟಿ, ನಿಜವಾಗ್ಲೂ ಏನಂದ್ರೆ..." ಎಂದಳು ಸಮನ್ವಿತಾ.

"ಸುಮ್ನಿರು ಮರೀ, ಇದು ಟೆಕ್ನಿಕಲ್ ವಿಷ್ಯ" ಎಂದ ಸೇತುರಾಮ್ ಅಂಕಲ್, ಫ್ಯಾನಿನ ಅಳತೆಗೆ ಪೇಪರ್ ಕತ್ತರಿಸಲು ಹೊಲಿಗೆ ಮಷಿನ್ನಿನ ಮೇಲಿದ್ದ ಕತ್ತರಿಗೆ ಕೈಹಾಕಿದರು.

"ಅಯ್ಯಯ್ಯೋ, ಬಟ್ಟೆ ಕತ್ತರಿ! ಪೇಪರ್ ಮುಟ್ಸಿದ್ರೆ ಮೊಂಡಾಗೋಗುತ್ತೆ!" ಬೆಳಗಿನಿಂದ ಏನನ್ನೋ ಹೊಲಿಯುತ್ತಿದ್ದ ಕಮಲಾದೇವಿ ಕತ್ತರಿಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. ಡ್ರಿಲ್ಲು, ಉಳಿ, ಸುತ್ತಿಗೆ ಏನು ಬೇಕಾದರೂ ಬರಲಿ, ಆ ಕತ್ತರಿಯನ್ನು ಮಾತ್ರ ಯಾರೂ ಕೇಳುವ ಹಾಗಿಲ್ಲ.

ಕೊನೆಗೆ ತಗಡಿನ ಮೇಲೆ ಡಬ್ಬಿ ಮುಚ್ಚಳ ಇಟ್ಟು ಗೆರೆ ಎಳೆದು, ಗೆರೆಯುದ್ದಕ್ಕೂ ಸಣ್ಣ ಸಣ್ಣ ತೂತು ಹೊಡೆದು, ಉಳಿಯಿಟ್ಟು ಬಡಿದದ್ದಾಯಿತು. ಬೀದಿನಾಯಿಗಳೆಲ್ಲ ಗೇಟಿಗೆ ಬಂದು ಬೊಗಳಿ ಹೋದವು. ದುಂಡಗೆ ಶುರುವಾದ ತೂತು ಮುಗಿಯುವ ಹೊತ್ತಿಗೆ ಕರ್ನಾಟಕದ ನಕ್ಷೆಯಂತಾಗಿತ್ತು.

"ರಾಜ್ಯೋತ್ಸವಕ್ಕ ಸರಿಯಾಯ್ತು ನೋಡ್ರಿ," ಎಂದ ಚನ್ನವೀರ. "ನಮ್ಮ ಬೀದರ ಮಾತ್ರ ಭಾಳ ಛಲೋ ಬಂದದ."

ತಗಡು ಕೂರಿಸಿ, ಕಳಚಿಟ್ಟ ಕವರನ್ನು ಇನ್ನೂ ಹೊದಿಸದೆಯೇ ಸ್ವಿಚ್ ಒತ್ತಿದರೆ ಫ್ಯಾನು ಗುರ್ ಎಂದಿತು. ಅಧ್ಯಕ್ಷರ ಸಂದೇಶದಿಂದ ವಂದನಾರ್ಪಣೆಯವರೆಗೂ ಕಂಪ್ಯೂಟರು ಕಮಕ್ ಕಿಮಕ್ ಎನ್ನಲಿಲ್ಲ. ಇನ್ನೊಂದೇ ಪುಟ. ಹೇಳಬೇಕಾದ್ದನ್ನು ಹೇಳದೆಯೇ ಪಾರಾದೆನಲ್ಲ ಎಂದು ಸಮನ್ವಿತಾ ಒಳಗೊಳಗೇ ಹಿಗ್ಗಿದಳು.

"ಥೂ, ಎಷ್ಟು ಅಸಹ್ಯವಾಗಿದೆ! ಬಂದೋರು ಏನಂದ್ಕೊಳಲ್ಲ? ಧೂಳೆಲ್ಲ ಇದ್ರಲ್ಲೇ ನುಗ್ಗುತ್ತೆ," ಎನ್ನುತ್ತ ಕಮಲಾದೇವಿ ಬಂದರು. "ನಿನ್ನೆ ಇವ್ಳು ಫ್ಯಾನು ತಂದಾಗ್ಲೇ ನೀವೆಲ್ಲ ಸೇರಿ ಹೀಗೇ ಮಾಡ್ತೀರ ಅಂತ ಗೊತ್ತಿತ್ತು ನಂಗೆ. ಅದಕ್ಕೇ ಬೆಳಿಗ್ಗೆಯಿಂದ ಕೂತು ಹೊಲ್ದೆ."

ಕೈಯಲ್ಲಿ ಹೊಸ ಕವರು. ವೆಲ್ವೆಟ್ಟಿನದು. ಒಳಗೆ ಹಳೆಯ ರಗ್ಗಿನ ಲೈನಿಂಗು. ಈ ಸಲ ಎರಡು ನವಿಲು.

"ಏನ್ ಕೈ ಕಮಲಾ ನಿಂದು!" ಎಂದು ಕಾತ್ಯಾಯಿನಿ ಆಂಟಿ ಕೆನ್ನೆಗೆ ಕೈಯಿಟ್ಟುಕೊಂಡರು.

ಸಮನ್ವಿತಾ ಬಾಯಿ ತೆರೆಯುವಷ್ಟರಲ್ಲಿ ಕವರು ಇಳಿದಾಗಿತ್ತು. ಫ್ಯಾನು ವೆಲ್ವೆಟ್ಟನ್ನು ಒಳಗೆಳೆದುಕೊಂಡು ಬಿಕ್ಕಳಿಸಿತು. ಸ್ವಲ್ಪ ಹೊತ್ತಿಗೆಲ್ಲ ಪರದೆ ಕಪ್ಪಾಯಿತು.

ಸೇತುರಾಮ್ ಅಂಕಲ್ ಡ್ರಿಲ್ಲು ಎತ್ತಿಕೊಂಡರು. "ಆ ಕಡೆಗೂ ಒಂದು ತೂತು ಬೇಕು ಕಣಮ್ಮ. ಐದೇ ನಿಮಿಷ."

ಸಮನ್ವಿತಾ ಎದ್ದು ನಿಂತಳು. ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ, ಜೀವನದಲ್ಲಿ ಮೊದಲ ಸಲ ಒಂದಿಡೀ ವಾಕ್ಯ ಮುಗಿಸಿದಳು.

"ಅಮ್ಮಾ, ಆ ಕತ್ತರಿ ಕೊಡು, ತೂತು ಬೇಕಾಗಿದ್ದಿದ್ದು ನಿನ್ನ ಕವರಿಗೆ!"