ಕುಕ್ಕರ್ ಕೂಗಿದ ಸುದ್ದಿ

ಫೈಜಾನನ ಗ್ರಹಚಾರ ಕುಕ್ಕರಿನ ವಿಷಲ್‌ನಿಂದ ಶುರುವಾಯಿತು.

ಟಿ. ದಾಸರಹಳ್ಳಿಯ ಅವನ ಮನೆಯ ಕುಕ್ಕರ್ ಎರಡು ದಿನದಿಂದ ಕೂಗುವುದನ್ನೇ ಬಿಟ್ಟು, ಮಹಡಿ ಹತ್ತಿ ಬಂದ ಮುದುಕನ ಹಾಗೆ ಉಸ್ ಉಸ್ ಎನ್ನುತ್ತಿತ್ತು. ತಾಯಿ ಫಖ್ರುನ್ನೀಸಾ ಅದರ ತಲೆಯ ಮೇಲಿನ ವಿಷಲ್ ಕಿತ್ತು, ಪೇಪರಿನಲ್ಲಿ ಸುತ್ತಿ, ಕೆಲಸಕ್ಕೆ ಹೊರಟ ಮಗನ ಪ್ಯಾಂಟಿನ ಜೇಬಿಗೆ ತಾವೇ ತುರುಕಿದರು.

"ಇದೇ ಅಳತೇದು ಹೊಸದು ತಗೊಂಡ್ ಬಾ ಬೇಟಾ. ಭೂಲ್ ನಕ್ಕೋ, ಮರೀಬೇಡ."

ಹೆಬ್ಬಾಳದಲ್ಲಿ ಹಾಸಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ 'ಬೆರಳತುದಿ'ಯ ಆಫೀಸು. ಮೊಬೈಲು, ಕಂಪ್ಯೂಟರುಗಳ ಸುದ್ದಿಯನ್ನು ಕನ್ನಡದಲ್ಲಿ ಕೊಡುವ ವೆಬ್‌ಸೈಟು. ಫೈಜಾನ್ ಅಲ್ಲಿ ವರದಿಗಾರನಾಗಿ ಸೇರಿ ಅಂದಿಗೆ ಸರಿಯಾಗಿ ಆರು ತಿಂಗಳು. ಕೆಲಸ ಖಾಯಂ ಆಗುವ ಪತ್ರ ಸಂಪಾದಕಿ ಶಿಲ್ಪ ಅವರ ಡ್ರಾಯರಿನಲ್ಲಿ ಸಿದ್ಧವಾಗಿತ್ತು. ಸಂಜೆ ಐದಕ್ಕೆ ಸಹಿ.

"ಆರು ತಿಂಗಳಲ್ಲಿ ಮೂರು ತಪ್ಪು ಮಾಡಿದೀಯ. ಒಂದು ಫೋನಿನ ಬ್ಯಾಟರಿ ಇನ್ನೊಂದಕ್ಕೆ ಹಾಕ್ದೆ. ಕಂಪನಿ ಮಾಲೀಕನ ಫೋಟೋ ಬದಲು ಅವನ ವಕೀಲನ ಫೋಟೋ ಹಾಕ್ದೆ. ಮೂರನೇದು ನೆನಪಿಸ್ಕೊಳ್ಳೋಕೂ ಇಷ್ಟ ಇಲ್ಲ. ನಾಲ್ಕನೇದು ಬಂತೋ, ಪತ್ರ ವಾಪಸ್ ಡ್ರಾಯರಿಗೆ" ಎಂದು ಶಿಲ್ಪ ಬೆಳಿಗ್ಗೆಯೇ ಎಚ್ಚರಿಸಿದ್ದರು.

ಅಂದು ಮಧ್ಯಾಹ್ನ ಹನ್ನೆರಡಕ್ಕೆ ಕಿಟಾರೊ ಕಂಪನಿಯ ಹೊಸ ಫೋನಿನ ಬಿಡುಗಡೆ. ಇಂಥ ಸುದ್ದಿಯನ್ನು ಮೊದಲೇ ಬರೆದಿಟ್ಟು, ಹನ್ನೆರಡು ಹೊಡೆಯುತ್ತಲೇ ತಾನಾಗಿ ಪ್ರಕಟವಾಗುವಂತೆ ಗಂಟೆ ಹಾಕಿಡುವುದು ಪದ್ಧತಿ. ಗೊತ್ತಿಲ್ಲದ ವಿವರಗಳ ಜಾಗದಲ್ಲಿ ಗೆರೆ ಎಳೆದು ಖಾಲಿ ಬಿಡಬೇಕು. ಕಂಪನಿಯ ಟಿಪ್ಪಣಿ ಬಂದ ಮೇಲೆ ತುಂಬಬೇಕು.

ಆದರೆ ಫೈಜಾನನಿಗೆ ಖಾಲಿ ಜಾಗ ಕಂಡರೆ ಆಗದು. ಮಾತಿನ ನಡುವೆ ಮೌನ ಬಂದರೆ ಏನಾದರೂ ಹೇಳಿಬಿಡುವ, ಲಿಫ್ಟಿನಲ್ಲಿ ಅಪರಿಚಿತರಿಗೆ "ಇವತ್ತು ಸೆಕೆ ಅಲ್ವಾ" ಎನ್ನುವ ಜಾತಿ ಅವನದು. ಗೆರೆಗಳಿದ್ದ ಬರಹ ಅವನಿಗೆ ಹಲ್ಲುದುರಿದ ಬಾಯಿಯಂತೆ ಕಾಣುತ್ತಿತ್ತು. ಹಾಗಾಗಿ ತೋಚಿದ್ದನ್ನು ತುಂಬಿ, ಆಮೇಲೆ ಬದಲಿಸಲು ನೆನಪಿರಲೆಂದು ಹಳದಿ ಬಣ್ಣ ಬಳಿದಿಡುತ್ತಿದ್ದ. ಆ ಹಳದಿ ಅವನ ಕಣ್ಣಿಗೆ ಮಾತ್ರ ಕಾಣುತ್ತಿತ್ತು, ಓದುಗರಿಗಲ್ಲ.

'ಈ ಫೋನಿನ ವಿಶೇಷವೆಂದರೆ' ಎಂಬಲ್ಲಿಗೆ ಬಂದಾಗ ತಾಯಿಯ ಕರೆ ಬಂತು.

"ವಿಷಲ್ ತಗೊಂಡ್ಯಾ?"

"ಈಗಿನ್ನೂ ಹನ್ನೊಂದು ಗಂಟೆ ಅಮ್ಮೀ."

"ನಿಂಗೇನ್ ಗೊತ್ತು ನನ್ ಕಷ್ಟ? ನಿನ್ ಕುಬ್ರಾ ಖಾಲಾ ಫೋನ್ ಮಾಡಿದ್ರೆ ಒಂದು ಗಂಟೆ ಬಿಡಲ್ಲ. ಮುಂಚೆ ಮೂರು ವಿಷಲ್ ಕೂಗ್ತಿತ್ತು, ಕುಕ್ಕರ್ ಕೂಗ್ತಿದೆ ಅಂತ ಇಟ್ಬಿಡ್ತಿದ್ದೆ. ಈಗ ಏನಂತ ಇಡ್ಲಿ?"

ಫೋನಿಟ್ಟ ಫೈಜಾನ್ ನಗುತ್ತಲೇ ಬರೆದ: 'ಈ ಫೋನಿನ ವಿಶೇಷವೆಂದರೆ ಕುಕ್ಕರ್ ಮೋಡ್. ಬದಿಯ ಗುಂಡಿ ಒತ್ತಿದರೆ ಆ ಕಡೆಯವರಿಗೆ ಮೂರು ವಿಷಲ್ ಕೇಳಿಸುತ್ತದೆ. ಬೇಡದ ಕರೆಯನ್ನು ಮರ್ಯಾದೆಯಿಂದ ಮುಗಿಸಬಹುದು.' ಹಳದಿ ಬಳಿದ.

ಹನ್ನೊಂದೂಮುಕ್ಕಾಲಿಗೆ ಕಂಪನಿಯಿಂದ ಸಂದೇಶ. ಮುಖ್ಯ ಅತಿಥಿ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಕೊಂಡಿದ್ದಾರೆ, ಬಿಡುಗಡೆ ಒಂದು ಗಂಟೆಗೆ. ಕಿಟಕಿಯಿಂದ ನೋಡಿದರೆ ಆ ಅತಿಥಿಯ ಕಾರೇ ಕಾಣಿಸೀತು, ಆದರೆ ಇಳಿದು ಬರುವಂತಿರಲಿಲ್ಲ. ಸಿಕ್ಕಿತು ಪುರುಸೊತ್ತು ಎಂದು ಫೈಜಾನ್ ಕೆಳಗಿಳಿದು ಪಾತ್ರೆ ಅಂಗಡಿಗೆ ಹೋದ. ಅಂಗಡಿಯ ಖಾದರ್ ಬಾಷಾ ಹಳೇ ವಿಷಲ್ಲನ್ನು ವಜ್ರದ ಹಾಗೆ ಬೆಳಕಿಗೆ ಹಿಡಿದು ತಿರುಗಿಸುತ್ತಿರುವಾಗ ಹಿಂದಿನ ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. ಹನ್ನೆರಡು.

ಬಿಡುಗಡೆ ಮುಂದಕ್ಕೆ ಹೋಗಿತ್ತು. ಅವನು ಹಾಕಿಟ್ಟ ಗಂಟೆ ಹೋಗಿರಲಿಲ್ಲ.

ಹಳೇ ವಿಷಲ್ ಕಸಿದು ಜೇಬಿಗೆ ಹಾಕಿಕೊಂಡು ಓಡಿದ. "ರೀ ಸ್ವಾಮಿ, ಅಳತೆ ಸಿಗ್ತು ಕಣ್ರೀ!" ಎಂದು ಬಾಷಾ ಕೂಗುತ್ತಲೇ ಇದ್ದ. ಮೇಲೆ ಬಂದರೆ ಕರೆಂಟಿಲ್ಲ. ಇಂಟರ್‌ನೆಟ್ಟಿನ ಡಬ್ಬಿ ಸತ್ತು, ಮತ್ತೆ ಜೀವ ಬಂದು, ಕೆಂಪು ದೀಪ ಹಸಿರಾಗುವಷ್ಟರಲ್ಲಿ ಏಳು ನಿಮಿಷ. ಸುದ್ದಿಯನ್ನು ಅಳಿಸಿದ. ಕಸದ ಬುಟ್ಟಿಯಿಂದಲೂ ಅಳಿಸಿದ. ಶಿಲ್ಪ ಜಾಹೀರಾತಿನವರ ಜೊತೆ ಒಳಕೋಣೆಯಲ್ಲಿದ್ದರು. ಯಾರೂ ನೋಡಲಿಲ್ಲ. ಆಫೀಸಿನಲ್ಲಿ ಸುಖವಾದ ಒಂದು ಮೌನವಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಫೈಜಾನ್ ಮೌನವನ್ನು ಮೆಚ್ಚಿದ.

ಮೆಚ್ಚುಗೆ ಹನ್ನೆರಡೂವರೆವರೆಗೆ ಬಾಳಿತು.

"ಫೈಜಾನ್!" ಶಿಲ್ಪ ಬಾಗಿಲು ತೆರೆದ ರಭಸಕ್ಕೆ ಕ್ಯಾಲೆಂಡರು ಹಾರಿತು. "ಕಿಟಾರೊದಲ್ಲಿ ಕುಕ್ಕರ್ ಮೋಡ್ ಅಂತೆ! ಒಂಬತ್ತು ಸೈಟಲ್ಲಿ ಬಂದಿದೆ. ನಮ್ಮಲ್ಲಿ ಯಾಕಿಲ್ಲ?"

ಏಳು ನಿಮಿಷದಲ್ಲಿ ಒಬ್ಬ ಕದ್ದಿದ್ದ. ಅವನಿಂದ ಇನ್ನೊಬ್ಬ. ಯಾರೂ ಬೆರಳತುದಿಯ ಹೆಸರು ಹಾಕಿರಲಿಲ್ಲ. ಎಲ್ಲರೂ 'ಬಲ್ಲ ಮೂಲಗಳ ಪ್ರಕಾರ' ಎಂದಿದ್ದರು.

"ಮೇಡಂ, ಅದು ಸುಳ್ಳು ಅನ್ಸುತ್ತೆ."

"ನಿಂಗೆ ಹೇಗ್ ಗೊತ್ತು?"

"ಒಂದು ಮೂಲ ಇದೆ ಮೇಡಂ. ತುಂಬಾ ಹತ್ತಿರದ್ದು."

"ಒಂಬತ್ತು ಜನ ಹೌದು ಅಂತಿದಾರೆ, ನಿನ್ ಮೂಲ ಒಂದೇ ಅಲ್ಲ ಅಂತಿದೆ. ಅಂಥಾ ಮೂಲ ಬಿಟ್ಟಾಕು. ಬರಿ!"

ಜನ ಇಂಟರ್‌ನೆಟ್ಟಿನಲ್ಲಿ ಏನು ಹುಡುಕುತ್ತಾರೆಂದು ದಿನವಿಡೀ ನೋಡುವುದೇ ಕೆಲಸವಾಗಿದ್ದ ಪಕ್ಕದ ಮೇಜಿನ ಮುನೀಂದ್ರ ಕುರ್ಚಿ ಉರುಳಿಸಿಕೊಂಡು ಬಂದ. "ಮಗಾ, ಕುಕ್ಕರ್ ಮೋಡ್ ಬೆಂಕಿ ಓಡ್ತಿದೆ! 'ಆನ್ ಮಾಡೋದು ಹೇಗೆ, ಐದು ಹಂತ' ಅಂತ ಒಂದು ಹೊಡಿ ಗುರು."

"ಇಲ್ಲದ್ದನ್ನ ಆನ್ ಮಾಡೋದು ಹೇಗೋ?"

"ಅದಕ್ಕೇ ಮಗಾ ಐದು ಹಂತ ಬೇಕಾಗೋದು."

ನೆಲ ಒರೆಸುತ್ತಿದ್ದ ಚನ್ನಕ್ಕ ಸೊಂಟ ನೆಟ್ಟಗೆ ಮಾಡಿ ಕೇಳಿದಳು: "ಅಣ್ಣಾ, ನಮ್ ಅತ್ತೆ ಫೋನ್ ಮಾಡ್ದಾಗ್ಲೂ ಇಂಗೆ ಕೂಗುತ್ತಾ? ಅಂಗಾದ್ರೆ ನಂಗೊಂದು ಬೇಕು."

ಫೈಜಾನ್ ಬರೆದ. ತನ್ನ ಸುಳ್ಳನ್ನೇ ಪರರ ಬಾಯಿಂದ ಕೇಳಿದವನಂತೆ 'ಎನ್ನಲಾಗಿದೆ' ಎಂದು ಬರೆಯುವಾಗ ಕಿವಿಯವರೆಗೆ ಬಿಸಿಯಾಯಿತು.

ಒಂದು ಗಂಟೆಗೆ ಬಿಡುಗಡೆಯ ನೇರಪ್ರಸಾರ. ಕಂಪನಿಯವನು ಕ್ಯಾಮೆರಾ ತೋರಿಸಿದ, ಜನ 'ಕುಕ್ಕರ್' ಎಂದು ಕಮೆಂಟು ಹಾಕಿದರು. ಬ್ಯಾಟರಿ ತೋರಿಸಿದ, ಕುಕ್ಕರ್. ಕೊನೆಗೆ ಅವನು ಬೆವರು ಒರೆಸಿಕೊಂಡು ಹೇಳಿದ: "ಅಂಥದ್ದೇನೂ ಇದರಲ್ಲಿಲ್ಲ. ಯಾರೋ ಹಬ್ಬಿಸಿದ ಸುಳ್ಳು."

ಶಿಲ್ಪ ನಿಧಾನವಾಗಿ ಬಂದು ಫೈಜಾನನ ಮೇಜಿಗೆ ಒರಗಿದರು. ಅವರು ನಿಧಾನವಾದರೆ ಅಪಾಯ.

"ನೀನು ಹೇಳಿದ್ದೇ ಸರಿ. ಅದಕ್ಕೇ ಈ ಕೆಲಸ ನಿಂಗೆ. ಈ ಸುಳ್ಳು ಮೊದಲು ಬರೆದ ಕಳ್ಳ ಯಾರು ಅಂತ ಪತ್ತೆ ಮಾಡು. ನಾಲ್ಕು ಗಂಟೆಗೆ ವರದಿ ಬೇಕು. ಚೆನ್ನಾಗಿ ಬಂದ್ರೆ, ಐದಕ್ಕೆ ಸಹಿ."

ಎರಡು ಗಂಟೆ ಕಾಲ ಫೈಜಾನ್ ತನ್ನನ್ನು ತಾನೇ ಹುಡುಕಿದ. ಒಂದೊಂದೇ ಸೈಟನ್ನು ಬಿಚ್ಚಿದ. ನೋಡಿದರೆ, ಬೇಡವೆಂದರೂ ಅದೃಷ್ಟ! ಅಷ್ಟರಲ್ಲಿ ಎಲ್ಲರೂ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದರು. ಮೊದಲನೆಯವನು ಎರಡನೆಯವನನ್ನು, ಎರಡನೆಯವನು ಮೂರನೆಯವನನ್ನು, ಒಂಬತ್ತನೆಯವನು ಮೊದಲನೆಯವನನ್ನು ತೋರಿಸುತ್ತಿದ್ದ. ಬಳೆಯ ಹಾಗೆ ದುಂಡಗೆ ಕೂಡಿಕೊಂಡಿತ್ತು. ಅದರಲ್ಲಿ ಫೈಜಾನನೇ ಇರಲಿಲ್ಲ.

'ಮೂಲವೇ ಇಲ್ಲದ ಸುಳ್ಳು' ಎಂಬ ಅವನ ವರದಿ ನಾಲ್ಕಕ್ಕೆ ಪ್ರಕಟವಾಯಿತು. ಈ ಸುಳ್ಳನ್ನು ಯಾರೂ ಹುಟ್ಟಿಸಿಲ್ಲ ಎಂದು ಅವನು ಎಷ್ಟು ಗಟ್ಟಿಯಾಗಿ ಸಾಧಿಸಿದ್ದನೆಂದರೆ, ಓದುತ್ತಾ ಓದುತ್ತಾ ಅವನಿಗೇ ನಂಬಿಕೆ ಬಂತು. ಶಿಲ್ಪ ಎರಡು ಸಲ ಓದಿ, ಡ್ರಾಯರ್ ತೆರೆದು, ಪತ್ರವನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದರು.

ಆಗ ಆಫೀಸಿನ ಫೋನು ಬಡಿದುಕೊಂಡಿತು. ಶಿಲ್ಪ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

"ಕಿಟಾರೊದಿಂದ ಸುಮೈರಾ ಮಾತಾಡ್ತಿರೋದು. ಕುಕ್ಕರ್ ಮೋಡ್ ಬೇಕು ಅಂತ ಜನ ನಮ್ಮನ್ನ ಬಿಡ್ತಾನೇ ಇಲ್ಲ. ಮುಂದಿನ ತಿಂಗಳು ನಿಜವಾಗ್ಲೂ ಹಾಕ್ತಿದೀವಿ. ಈ ಐಡಿಯಾ ಯಾರ ತಲೇಲಿ ಹುಟ್ತೋ ಅವರನ್ನ ನಮ್ಮಲ್ಲಿಗೆ ಕೆಲಸಕ್ಕೆ ತಗೋಬೇಕು ಅಂತ ಬಾಸ್ ಹೇಳಿದಾರೆ. ನೀವು ಹುಡುಕಾಡಿದೀರಲ್ಲ, ಯಾರಾದ್ರೂ ಗೊತ್ತಾ?"

ಕೋಣೆಯಲ್ಲಿ ಮೌನ ಬಿತ್ತು. ಸುಮ್ಮನಿರಬೇಕಾದ ಮೌನ. ಫೈಜಾನನಿಗೆ ತಡೆಯಲಾಗಲಿಲ್ಲ.

"ನಾನೇ! ನಾನೇ ಮೇಡಂ! ಹನ್ನೆರಡು ಗಂಟೆಗೆ ನಮ್ ಸೈಟಲ್ಲೇ ಮೊದಲು ಬಂದಿದ್ದು, ಏಳು ನಿಮಿಷ ಇತ್ತು!"

ಆ ಕಡೆ ಸುಮೈರಾ ನಕ್ಕಳು. "ಇವತ್ತು ನೀವು ಹನ್ನೊಂದನೆಯವರು ಸರ್. ಪುರಾವೆ ಇದ್ಯಾ?"

"ಅಳಿಸ್ಬಿಟ್ಟೆ."

"ಉಳಿದ ಹತ್ತು ಜನಾನೂ ಅದೇ ಅಂದ್ರು. ಅಲ್ಲ ಸರ್, ಇದನ್ನ ಯಾರೂ ಬರೆದೇ ಇಲ್ಲ ಅಂತ ನಿಮ್ ವರದೀಲೇ ಇದೆಯಲ್ಲ? ತುಂಬಾ ಚೆನ್ನಾಗಿ ಬರ್ದಿದೀರಿ. ನಮ್ ಬಾಸ್‌ಗೆ ಪೂರ್ತಿ ನಂಬಿಕೆ ಬಂತು." ಫೋನು ಕಟ್ ಆಯಿತು.

ಶಿಲ್ಪ ಪೆನ್ನಿನ ಮುಚ್ಚಳ ಹಾಕಿದರು. ಟಕ್ ಎಂದಿತು.

"ಅವರು ನಂಬ್ಲಿಲ್ಲ ಫೈಜಾನ್. ನಾನು ನಂಬ್ತೀನಿ."

ಪತ್ರ ಡ್ರಾಯರಿನೊಳಕ್ಕೆ ಹೋಯಿತು. ಇನ್ನಾರು ತಿಂಗಳು ನೋಡೋಣ, ಎಂದರು. ಮುನೀಂದ್ರ ಕುರ್ಚಿ ಉರುಳಿಸಿಕೊಂಡು ತನ್ನ ಮೇಜಿಗೆ ಹೊರಟುಹೋದ. ಚನ್ನಕ್ಕ ಮಾತ್ರ ದೊಡ್ಡ ಲೋಟದಲ್ಲಿ ಟೀ ತಂದಿಟ್ಟಳು.

ಮೆಟ್ಟಿಲ ಮೇಲೆ ಕುಳಿತು ಫೈಜಾನ್ ಮನೆಗೆ ಫೋನ್ ಮಾಡಿದ. ಲೋಕದಲ್ಲಿ ತನ್ನ ದುಃಖವನ್ನು ಪೂರ್ತಿ ಕೇಳುವವರು ಒಬ್ಬರಾದರೂ ಇದ್ದಾರಲ್ಲ.

"ಅಮ್ಮೀ, ಪತ್ರ ಸಿಗ್ಲಿಲ್ಲ. ಏನಾಯ್ತು ಅಂದ್ರೆ, ಬೆಳಿಗ್ಗೆ ನೀವು ಫೋನ್ ಮಾಡಿದ್ರಲ್ಲ, ಅಲ್ಲಿಂದ ಹೇಳ್ತೀನಿ ಕೇಳಿ..."

ಹೇಳಿದ. ಹಳದಿ ಬಣ್ಣ ಹೇಳಿದ, ಪಾತ್ರೆ ಅಂಗಡಿ ಹೇಳಿದ, ಕರೆಂಟು ಹೋದದ್ದು ಹೇಳಿದ, ಒಂಬತ್ತು ಸೈಟುಗಳನ್ನು ಒಂದೊಂದಾಗಿ ಹೇಳತೊಡಗಿದ. ನಾಲ್ಕನೆಯ ಸೈಟಿಗೆ ಬಂದಿದ್ದ. ಆ ಕಡೆಯಿಂದ ಜೋರಾಗಿ ಕೇಳಿಸಿತು.

ಕೂಊಊ... ಕೂಊಊ... ಕೂಊಊ...

"ಅಯ್ಯೋ ಬೇಟಾ, ಕುಕ್ಕರ್ ಕೂಗ್ತಿದೆ. ಆಮೇಲೆ ಮಾಡ್ತೀನಿ!"

ಕರೆ ಕಟ್ ಆಯಿತು. ಫೈಜಾನ್ ಫೋನ್ ಕೆಳಗಿಟ್ಟ. ಆಮೇಲೆ ಮೆಲ್ಲನೆ ಜೇಬಿಗೆ ಕೈ ಹಾಕಿದ. ವಿಷಲ್ ಅಲ್ಲೇ ಇತ್ತು.